ಫರ್ಡಿನಾಂಡ್ ಕಿಟ್ಟೆಲ್

ಫರ್ಡಿನಾಂಡ್ ಕಿಟ್ಟೆಲ್ (7 ಏಪ್ರಿಲ್ 1832 – ಡಿಸೆಂಬರ್ 1903) ಜರ್ಮನಿಯಿಂದ ಬಂದು ಕರ್ನಾಟಕದಲ್ಲಿ ದುಡಿದ ಬಾಸೆಲ್ ಮಿಷನ್ನಿನ ಪಾದ್ರಿ, ನಿಘಂಟುಕಾರ, ವ್ಯಾಕರಣಕಾರ ಮತ್ತು ಹಳಗನ್ನಡ ಗ್ರಂಥಗಳ ಸಂಪಾದಕ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ–ಇಂಗ್ಲಿಷ್ ನಿಘಂಟು ಕನ್ನಡ ವಿದ್ವತ್ತಿನ ಮೈಲಿಗಲ್ಲುಗಳಲ್ಲಿ ಒಂದು. ಬೆಂಗಳೂರು ದಂಡು ಪ್ರದೇಶದ ಆಸ್ಟಿನ್ ಟೌನ್ ಬಡಾವಣೆಗೆ ಅವರ ನೆನಪಿನಲ್ಲಿ ಕಿಟ್ಟೆಲ್ ನಗರ ಎಂಬ ಹೆಸರಿಡಲಾಗಿದೆ. ಮಹಾತ್ಮ ಗಾಂಧಿ ರಸ್ತೆಯ ಕೊನೆಯಲ್ಲಿ, ಮೇಯೊ ಹಾಲ್ ಕಟ್ಟಡದ ಬಳಿ ಅವರ ಪ್ರತಿಮೆಯಿದೆ. ನಿಘಂಟುಕಾರರಾಗಿ ಅವರು ಎಷ್ಟು ಪ್ರಸಿದ್ಧರೋ ಬೈಬಲಿನ ವ್ಯಾಖ್ಯಾನಕಾರರಾಗಿ ಅಷ್ಟೇ ಅಪರಿಚಿತರು. ಆದರೆ ಕಿಟ್ಟೆಲ್ ಕನ್ನಡಕ್ಕೆ ಬಂದದ್ದು ಬೈಬಲಿನ ಮೂಲಕ. ಹೀಬ್ರೂ ಮತ್ತು ಗ್ರೀಕ್ ಭಾಷೆಗಳಲ್ಲಿ ಬರೆದ ಗ್ರಂಥವನ್ನು ಕನ್ನಡದ ಓದುಗನಿಗೆ ಅವನದೇ ಮಾತು, ಛಂದಸ್ಸು ಮತ್ತು ಪರಿಕಲ್ಪನೆಗಳಲ್ಲಿ ಅರ್ಥಮಾಡಿಸುವುದು ಹೇಗೆ ಎಂಬ ಪ್ರಶ್ನೆಯೇ ಅವರನ್ನು ಕಾವ್ಯಕ್ಕೂ ವ್ಯಾಕರಣಕ್ಕೂ ಕೊನೆಗೆ ನಿಘಂಟಿಗೂ ಕರೆದೊಯ್ಯಿತು.

ಬಾಲ್ಯ ಮತ್ತು ಶಿಕ್ಷಣ

ಕಿಟ್ಟೆಲ್ ಜನಿಸಿದ್ದು ಜರ್ಮನಿಯ ವಾಯವ್ಯ ಕರಾವಳಿಯ ಪೂರ್ವ ಫ್ರೀಸ್‌ಲ್ಯಾಂಡ್ ಪ್ರಾಂತದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ತಂದೆ ಗಾಟ್‌ಫ್ರೀಡ್ ಕ್ರಿಸ್ಟಿಯನ್ ಕಿಟ್ಟೆಲ್ ಅವರು ಪ್ರಾಟೆಸ್ಟೆಂಟ್ ಸಭೆಯ ಪಾದ್ರಿ. ಹತ್ತಿರದ ಔರಿಕ್ ಪಟ್ಟಣದಲ್ಲಿ ಶಾಲಾ ಶಿಕ್ಷಣ ಪಡೆದ ಬಾಲಕನಿಗೆ ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳ ಪರಿಚಯ ಎಳವೆಯಲ್ಲೇ ಆಯಿತು. ಬೈಬಲನ್ನು ಅನುವಾದದಲ್ಲಿ ಮಾತ್ರವಲ್ಲದೆ ಮೂಲದಲ್ಲಿಯೂ ಓದಬೇಕು ಎಂಬ ಶಿಸ್ತು ಅಂದಿನ ಜರ್ಮನ್ ಪ್ರಾಟೆಸ್ಟೆಂಟ್ ಶಿಕ್ಷಣದಲ್ಲಿ ಬಲವಾಗಿತ್ತು. ಪಠ್ಯದ ಪದವೊಂದರ ಅರ್ಥವನ್ನು ಅದರ ಭಾಷೆಯ ಒಳಗಿನಿಂದಲೇ ಹುಡುಕಬೇಕೆಂಬ ಆ ಪಾಠವನ್ನು ಕಿಟ್ಟೆಲ್ ಮುಂದೆ ಕನ್ನಡಕ್ಕೂ ಅನ್ವಯಿಸಿದರು.

1850ರಲ್ಲಿ ಅವರು ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ನಗರದ ಮಿಷನ್ ವಿದ್ಯಾಲಯವನ್ನು ಸೇರಿದರು. ಮೂರು ವರ್ಷಗಳ ತರಬೇತಿಯ ನಂತರ, 1853ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಭಾರತಕ್ಕೆ ಕಳುಹಿಸಲ್ಪಟ್ಟರು.

ಬಾಸೆಲ್ ಮಿಷನ್ ಮತ್ತು ಬೈಬಲ್ ಓದಿನ ಕ್ರಮ

1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ ಹೆಸರಿಗೆ ಸ್ವಿಸ್ ಸಂಸ್ಥೆಯಾದರೂ ಅದರ ಪಾದ್ರಿಗಳಲ್ಲಿ ಅನೇಕರು ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗಿನವರು. ಅಲ್ಲಿನ ಭಕ್ತಿಪಂಥಕ್ಕೆ ಬೈಬಲ್ ವ್ಯಾಖ್ಯಾನದಲ್ಲಿ ತನ್ನದೇ ಆದ ಪರಂಪರೆಯಿತ್ತು. ಹದಿನೆಂಟನೆಯ ಶತಮಾನದ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ ಹೊಸ ಒಡಂಬಡಿಕೆಯ ಪಾಠಾಂತರಗಳನ್ನು ಹೋಲಿಸಿ, ಪದಪದಕ್ಕೂ ಟಿಪ್ಪಣಿ ಬರೆದು, ಭಕ್ತಿಗೂ ಭಾಷಾಶಾಸ್ತ್ರಕ್ಕೂ ವಿರೋಧವಿಲ್ಲವೆಂದು ತೋರಿಸಿದ್ದರು. ಅದೇ ನಾಡಿನ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಬೇರೊಂದು ದಾರಿ ತೆರೆದುಕೊಂಡಿತು. 1835ರಲ್ಲಿ ಡೇವಿಡ್ ಫ್ರೀಡ್ರಿಕ್ ಸ್ಟ್ರೌಸ್ ಬರೆದ ಯೇಸುವಿನ ಜೀವನದ ಕುರಿತ ಗ್ರಂಥವು ಸುವಾರ್ತೆಗಳ ಪವಾಡಕಥೆಗಳನ್ನು ಪುರಾಣರೂಪದ ನಿರೂಪಣೆಗಳೆಂದು ವಿಶ್ಲೇಷಿಸಿ ಯುರೋಪಿನಾದ್ಯಂತ ಕೋಲಾಹಲ ಎಬ್ಬಿಸಿತು. ಬೈಬಲ್ ದೇವರ ವಾಕ್ಯವೋ ಅಥವಾ ಇತರ ಪ್ರಾಚೀನ ಗ್ರಂಥಗಳಂತೆ ಪರಿಶೀಲಿಸಬೇಕಾದ ಚಾರಿತ್ರಿಕ ದಾಖಲೆಯೋ ಎಂಬ ವಿವಾದ ಅಂದಿನಿಂದ ತೀವ್ರವಾಯಿತು.

ಬಾಸೆಲಿನ ವಿದ್ಯಾಲಯ ಮೊದಲ ಪಕ್ಷದಲ್ಲಿತ್ತು. ಕಿಟ್ಟೆಲ್ ಕೂಡ ಆ ನಂಬಿಕೆಯನ್ನು ಬಿಟ್ಟುಕೊಟ್ಟವರಲ್ಲ. ಆದರೆ ಭಾರತದಲ್ಲಿ ಅವರ ಮುಂದೆ ನಿಂತ ಸಮಸ್ಯೆ ಟ್ಯೂಬಿಂಗೆನ್ನಿನ ಪಂಡಿತರದಾಗಿರಲಿಲ್ಲ. ಇಲ್ಲಿನ ಕೇಳುಗನಿಗೆ ಪವಾಡ ನಡೆಯಿತೇ ಇಲ್ಲವೇ ಎಂಬುದು ದೊಡ್ಡ ಅಡ್ಡಿಯಲ್ಲ. ಅವನು ಆ ಕಥೆಯನ್ನು ತನಗೆ ಮೊದಲೇ ಗೊತ್ತಿರುವ ಯಾವ ಕಥೆಗಳ ಸಾಲಿನಲ್ಲಿ ಇಟ್ಟು ಕೇಳುತ್ತಾನೆ ಎಂಬುದೇ ಇಲ್ಲಿನ ನಿಜವಾದ ಪ್ರಶ್ನೆ.

ಧಾರವಾಡ ಮತ್ತು ಮಿಷನ್ನಿನೊಡನೆ ಘರ್ಷಣೆ

ಮಂಗಳೂರಿಗೆ ಬಂದಿಳಿದ ಕಿಟ್ಟೆಲ್ ಅವರನ್ನು ಧಾರವಾಡ ಸೀಮೆಗೆ ನೇಮಿಸಲಾಯಿತು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿನಲ್ಲಿ ನೆಲೆಯೂರಿ, 1841ರಿಂದ ಅಲ್ಲಿ ಮುದ್ರಣಾಲಯ ನಡೆಸುತ್ತಿತ್ತು. ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು ಹೊರಡಿಸಿದ್ದರು; ಕನ್ನಡ ಕಾವ್ಯಗಳನ್ನು ಬಿಬ್ಲಿಯೊಥಿಕಾ ಕರ್ನಾಟಿಕಾ ಮಾಲೆಯಲ್ಲಿ ಕಲ್ಲಚ್ಚಿನಲ್ಲಿ ಪ್ರಕಟಿಸಿದ್ದರು. ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಅಚ್ಚಿನಲ್ಲಿ ಓದಲು ಸಿಗುತ್ತಿದ್ದ ಕಾಲಕ್ಕೆ ಕಿಟ್ಟೆಲ್ ಇಲ್ಲಿಗೆ ಬಂದರು ಎಂಬುದು ಗಮನಾರ್ಹ.

ಹೊಸ ಪಾದ್ರಿ ಮಿಷನ್ ಬಂಗಲೆಯ ಬದುಕಿಗೆ ಒಗ್ಗಲಿಲ್ಲ. ಯುರೋಪಿಯನ್ನರ ಸೌಕರ್ಯಗಳನ್ನು ಆದಷ್ಟು ಕಡಿಮೆ ಮಾಡಿಕೊಂಡು, ಊರಿಂದೂರಿಗೆ ಕಾಲ್ನಡಿಗೆಯಲ್ಲಿ ತಿರುಗಿ, ಜನರ ನಡುವೆ ಬದುಕಿ ಅವರ ಭಾಷೆಯನ್ನು ಕಲಿಯಲು ಅವರು ಬಯಸಿದರು. ಇದಕ್ಕೆ ಅವರ ಆಧಾರ ಬೈಬಲಿನದೇ: ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಒಂಬತ್ತನೆಯ ಅಧ್ಯಾಯ. ತಾನು ಯೆಹೂದ್ಯರಿಗೆ ಯೆಹೂದ್ಯನಂತೆ, ಇತರರಿಗೆ ಅವರಂತೆ ಆದೆನೆಂದು ಪೌಲನು ಅಲ್ಲಿ ಹೇಳಿಕೊಳ್ಳುತ್ತಾನೆ. ಮಿಷನ್ನಿನ ಹಿರಿಯರು ಆ ಮಾತನ್ನು ಬೋಧನೆಯ ಜಾಣ್ಮೆಗೆ ಸಂಬಂಧಿಸಿದ ಸಲಹೆಯೆಂದು ಓದುತ್ತಿದ್ದರು. ಕಿಟ್ಟೆಲ್ ಅದನ್ನು ಬದುಕಿನ ವಿಧಿಯೆಂದು ಓದಿದರು. ಒಂದೇ ವಾಕ್ಯದ ಎರಡು ವ್ಯಾಖ್ಯಾನಗಳು ಒಬ್ಬ ಯುವಕನ ವೃತ್ತಿಜೀವನವನ್ನು ಹೇಗೆ ತಿರುಗಿಸಬಲ್ಲವು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಮಿಷನ್ ಕಠಿಣ ಶಿಸ್ತಿನ ಸಂಸ್ಥೆಯಾಗಿತ್ತು. ಬಾಸೆಲಿನ ಆಡಳಿತ ಹಾಗೂ ಇಲ್ಲಿನ ಹಿರಿಯ ಸಹೋದ್ಯೋಗಿಗಳು ಕಿಟ್ಟೆಲ್ ಅವರ ನಡೆಯನ್ನು ಅಹಂಕಾರವೆಂದೂ ಅವಿಧೇಯತೆಯೆಂದೂ ಕಂಡರು. ಅವರಿಗೆ ಎಚ್ಚರಿಕೆ ನೀಡಲಾಯಿತು. ಸುವಾರ್ತೆ ಸಾರುವ ಕೆಲಸದಲ್ಲಿ ಅವರು ಹೇಳಿಕೊಳ್ಳುವಂತಹ ಯಶಸ್ಸನ್ನೂ ಕಾಣಲಿಲ್ಲ. ಬರಬರುತ್ತ ಅವರ ಶಕ್ತಿಯೆಲ್ಲ ಬರವಣಿಗೆ, ಮುದ್ರಣ ಮತ್ತು ಭಾಷಾ ಅಧ್ಯಯನದ ಕಡೆಗೆ ಹರಿಯಿತು. ಮಿಷನ್ನಿನ ದೃಷ್ಟಿಯಲ್ಲಿ ಇದು ಮುಖ್ಯ ಕೆಲಸದ ಬದಿಯ ಕೆಲಸ.

1860ರಲ್ಲಿ ಅವರು ಪೌಲಿನೆ ಐತ್ ಅವರನ್ನು ವಿವಾಹವಾದರು. ಆಕೆ 1864ರಲ್ಲಿ ತೀರಿಕೊಂಡರು. 1867ರಲ್ಲಿ ಕಿಟ್ಟೆಲ್ ಆಕೆಯ ತಂಗಿ ಯೂಲಿಯೆ ಅವರನ್ನು ಮದುವೆಯಾದರು.

ಕನ್ನಡ ಬೈಬಲ್ ಎದುರಿಸಿದ ತೊಡಕುಗಳು

ಕಿಟ್ಟೆಲ್ ಬರುವ ವೇಳೆಗೆ ಕನ್ನಡದಲ್ಲಿ ಬೈಬಲ್ ಇತ್ತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ನೆಲೆಸಿ ಆರಂಭಿಸಿದ ಅನುವಾದ ವಿಲಿಯಂ ರೀವ್ ಅವರ ನೆರವಿನಿಂದ ಪೂರ್ಣಗೊಂಡು 1831ರ ಹೊತ್ತಿಗೆ ಇಡೀ ಗ್ರಂಥ ಸಿದ್ಧವಾಗಿತ್ತು. ಮರುವರ್ಷ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂದಿತು. ಬೈಬಲ್ ಮುಗಿದ ಮರುವರ್ಷವೇ ನಿಘಂಟು ಬಂದದ್ದು ಕಾಕತಾಳೀಯವೇನಲ್ಲ: ಅನುವಾದಕ್ಕೆ ಕುಳಿತವನಿಗೆ ಪದಕೋಶವಿಲ್ಲದೆ ಗತಿಯಿಲ್ಲ. ಮುಂದೆ ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ, ಬೆಂಗಳೂರಿನ ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಮೊದಲಾದವರು ಆ ಅನುವಾದದ ಪರಿಷ್ಕರಣೆಗೆ ದುಡಿದರು. ಈ ಬೆಂಜಮಿನ್ ರೈಸ್ ಅವರು ಶಾಸನತಜ್ಞ ಬಿ. ಎಲ್. ರೈಸ್ ಅವರ ತಂದೆ. 1837ರಿಂದ 1887ರಲ್ಲಿ ಸಾಯುವವರೆಗೆ ಬೆಂಗಳೂರೇ ಅವರ ಕಾರ್ಯಕ್ಷೇತ್ರ.

ಅನುವಾದದ ಪ್ರತಿಯೊಂದು ಪದವೂ ಒಂದು ವ್ಯಾಖ್ಯಾನ. ಕನ್ನಡ ಬೈಬಲಿಗೆ ನೆಲೆಗೊಂಡ ಸತ್ಯವೇದ ಎಂಬ ಹೆಸರೇ ಇದಕ್ಕೆ ಉದಾಹರಣೆ: ವೇದವೆಂದರೆ ಏನೆಂದು ಕೇಳುಗನಿಗೆ ಗೊತ್ತಿದೆ ಎಂದು ಅದು ಊಹಿಸುತ್ತದೆ, ಜೊತೆಗೆ ಇತರ ವೇದಗಳೊಡನೆ ಒಂದು ವಾದವನ್ನೂ ಹೂಡುತ್ತದೆ. ಪಾಪ ಎಂಬ ಮಾತನ್ನು ತೆಗೆದುಕೊಂಡರೆ, ಕನ್ನಡಿಗರು ಅದನ್ನು ದುಷ್ಕೃತ್ಯಕ್ಕೂ ಬಳಸುತ್ತಾರೆ, ಮರುಕ ತೋರಲೂ ಬಳಸುತ್ತಾರೆ. ಪವಿತ್ರಾತ್ಮ ಎಂದಾಗ ವೇದಾಂತದ ಆತ್ಮ ಬೆನ್ನಟ್ಟಿ ಬರುತ್ತದೆ. ಯೋಹಾನನ ಸುವಾರ್ತೆಯಲ್ಲಿ ಯೇಸು ನಿಕೊದೇಮನಿಗೆ ಹೇಳುವ ಹೊಸ ಹುಟ್ಟಿನ ಮಾತು ಪುನರ್ಜನ್ಮದ ನಂಬಿಕೆಯಲ್ಲಿ ಬೆಳೆದವರ ಕಿವಿಗೆ ಬೇರೆಯೇ ಅರ್ಥ ಕೊಡುತ್ತದೆ. ಯಾವ ಹುಟ್ಟಿನಿಂದ ಬಿಡುಗಡೆ ಬೇಕೆಂದು ಅವರು ಬಯಸುತ್ತಿದ್ದರೋ ಅದನ್ನೇ ಇನ್ನೊಮ್ಮೆ ಪಡೆಯಬೇಕೆಂಬ ಬೋಧನೆಯಂತೆ ಅದು ಕೇಳಿಸಬಹುದು.

ಈ ತೊಡಕಿಗೆ ಎರಡು ಪರಿಹಾರಗಳಿದ್ದವು. ಒಂದು, ಬಪ್ತಿಸ್ಮ, ಅಪೊಸ್ತಲ ಮುಂತಾದಂತೆ ಪರಭಾಷೆಯ ಪದವನ್ನೇ ಉಳಿಸಿಕೊಳ್ಳುವುದು. ಆಗ ಅರ್ಥ ಕೆಡುವುದಿಲ್ಲ, ಆದರೆ ಪದ ಮೂಕವಾಗಿರುತ್ತದೆ. ಇನ್ನೊಂದು, ನಾಡಿನ ಧಾರ್ಮಿಕ ಪದವನ್ನು ತೆಗೆದುಕೊಂಡು, ಅದರ ಹಳೆಯ ಅರ್ಥವನ್ನು ಅರಿತು, ಹೊಸ ಅರ್ಥದ ಕಡೆಗೆ ಅದನ್ನು ಬಾಗಿಸುವುದು. ಕಿಟ್ಟೆಲ್ ಒಲಿದದ್ದು ಎರಡನೆಯ ದಾರಿಗೆ. ಅದಕ್ಕೆ ಹಳೆಯ ಅರ್ಥವನ್ನು ಬುಡಮಟ್ಟ ತಿಳಿಯುವುದು ಅನಿವಾರ್ಯವಾಗಿತ್ತು.

ಕಥಾಮಾಲೆ

1862ರಲ್ಲಿ ಪ್ರಕಟವಾದ ಕಥಾಮಾಲೆ ಯೇಸುವಿನ ಜೀವನಚರಿತ್ರೆಯನ್ನು ಕನ್ನಡದ ಷಟ್ಪದಿಯ ಧಾಟಿಯಲ್ಲಿ ನಿರೂಪಿಸುವ ಪದ್ಯಕೃತಿ. ಕನ್ನಡ ನಾಡಿನಲ್ಲಿ ಪುಣ್ಯಕಥೆಯನ್ನು ಮೌನವಾಗಿ ಓದುವ ರೂಢಿ ಕಡಿಮೆ. ಕುಮಾರವ್ಯಾಸನ ಭಾರತ, ಲಕ್ಷ್ಮೀಶನ ಜೈಮಿನಿಯನ್ನು ಒಬ್ಬರು ರಾಗವಾಗಿ ವಾಚಿಸುವುದು, ಮತ್ತೊಬ್ಬರು ಅರ್ಥ ಹೇಳುವುದು, ಊರವರು ಸುತ್ತ ಕುಳಿತು ಕೇಳುವುದು ವಾಡಿಕೆ. ಗದ್ಯದಲ್ಲಿ ಅಚ್ಚಾದ ಸುವಾರ್ತೆಗೆ ಅಂತಹ ಸಭೆ ಸಿಗುತ್ತಿರಲಿಲ್ಲ. ಕಥಾಮಾಲೆಯ ಹಿಂದಿನ ತಿಳಿವಳಿಕೆ ಇದು: ಗ್ರಂಥದ ಅರ್ಥವು ಅದರ ಮಾತುಗಳಲ್ಲಿ ಮಾತ್ರ ಇರುವುದಿಲ್ಲ, ಅದನ್ನು ಕೇಳುವ ಕ್ರಮದಲ್ಲಿಯೂ ಇರುತ್ತದೆ.

ಇದು ಸುಲಭದ ಕೆಲಸವಲ್ಲ. ನಾಲ್ಕು ಸುವಾರ್ತೆಗಳ ಕಥೆಯನ್ನು ಒಂದೇ ಮಾಲೆಯಾಗಿ ಕಟ್ಟುವಾಗ ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆ ಬರುತ್ತದೆ. ಷಟ್ಪದಿಯ ಆರು ಪಾದಗಳ ಮಾತ್ರಾಗಣ ಮತ್ತು ಎರಡನೆಯ ಅಕ್ಷರದ ಪ್ರಾಸಕ್ಕೆ ಪಲೆಸ್ತೀನದ ಊರು, ಜನರ ಹೆಸರುಗಳನ್ನು ಒಗ್ಗಿಸಬೇಕು. ಅದಕ್ಕಿಂತ ದೊಡ್ಡ ಅಪಾಯ ಬೇರೆಯಿದೆ. ಪುರಾಣಪುರುಷರ ಕಥೆಗೆ ಮೀಸಲಾದ ಛಂದಸ್ಸಿನಲ್ಲಿ ಹೇಳಿದ ಕೂಡಲೇ ಯೇಸುವಿನ ಕಥೆಯೂ ಇನ್ನೊಂದು ಅವತಾರಕಥೆಯಾಗಿ ಕೇಳಿಸಬಹುದು. ಯುಗಯುಗಕ್ಕೂ ಮರಳಿ ಬರುವ ಅವತಾರಕ್ಕೂ ಚರಿತ್ರೆಯಲ್ಲಿ ಒಮ್ಮೆ ಮಾತ್ರ ನಡೆದದ್ದೆಂದು ಕ್ರೈಸ್ತರು ನಂಬುವ ಮಾನವಜನ್ಮಕ್ಕೂ ಇರುವ ಅಂತರ ಛಂದಸ್ಸಿನ ನಾದದಲ್ಲಿ ಮರೆಯಾಗುತ್ತದೆ. ಕಿಟ್ಟೆಲ್ ಆ ಅಪಾಯವನ್ನು ಒಪ್ಪಿಕೊಂಡೇ ಮುಂದುವರಿದರು ಎನ್ನಬೇಕು.

ಈ ಕೃತಿಗೆ ಇನ್ನೊಂದು ಮಹತ್ವವೂ ಇದೆ. ಕಿಟ್ಟೆಲ್ ಅವರ ಛಂದಸ್ಸು, ವ್ಯಾಕರಣ ಗ್ರಂಥಗಳೆಲ್ಲ ಕಥಾಮಾಲೆಯ ಅನಂತರದವು. ಪದ್ಯ ಕಟ್ಟಲು ಕುಳಿತ ಪರದೇಶೀಯನಿಗೆ ನಿಯಮ ಬೇಕಾಯಿತು, ನಿಯಮ ಹುಡುಕುತ್ತ ಹೋದವನಿಗೆ ನಾಗವರ್ಮ, ಕೇಶಿರಾಜರು ಸಿಕ್ಕಿದರು ಎಂದು ಊಹಿಸಲು ಅಡ್ಡಿಯಿಲ್ಲ.

ಯಜ್ಞಸುಧಾನಿಧಿ

1872ರ ಯಜ್ಞಸುಧಾನಿಧಿ ಕಿಟ್ಟೆಲ್ ಅವರ ವ್ಯಾಖ್ಯಾನ ಕ್ರಮವನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸುವ ಕೃತಿ. ವೈದಿಕ ವಾಙ್ಮಯದ ಯಜ್ಞವಿಚಾರದಿಂದ ಹೊರಟು, ಓದುಗನನ್ನು ಬೈಬಲಿನ ಬಲಿದಾನದ ಕಲ್ಪನೆಯ ಕಡೆಗೆ ಕರೆದೊಯ್ಯುವುದು ಇದರ ಉದ್ದೇಶ.

ಇದರ ಹಿಂದಿರುವ ತತ್ತ್ವ ಕ್ರೈಸ್ತ ವ್ಯಾಖ್ಯಾನದಲ್ಲಿ ಬಹಳ ಹಳೆಯದು. ಹಿಂದಿನ ಘಟನೆ, ವ್ಯಕ್ತಿ ಅಥವಾ ಆಚರಣೆಯನ್ನು ಮುಂದೆ ಬರಲಿರುವುದರ ಮುಂಗುರುತು ಎಂದು ಓದುವ ಕ್ರಮ ಅದು. ಇಬ್ರಿಯರಿಗೆ ಬರೆದ ಪತ್ರಿಕೆಯು ಹಳೆಯ ಒಡಂಬಡಿಕೆಯ ದೇವಾಲಯದ ಬಲಿಗಳನ್ನು ಛಾಯೆಯೆಂದೂ ಕ್ರಿಸ್ತನ ಮರಣವನ್ನು ಒಮ್ಮೆಗೇ ಮುಗಿದ ನಿಜವಾದ ಬಲಿಯೆಂದೂ ವಿವರಿಸುತ್ತದೆ. ಯೆಹೂದ್ಯರ ಯಾಜಕಕಾಂಡವನ್ನು ಹಾಗೆ ಓದಬಹುದಾದರೆ ಭಾರತೀಯರ ಯಜ್ಞವನ್ನೂ ಹಾಗೆ ಓದಲು ಏನು ಅಡ್ಡಿ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಮೂರು ವರ್ಷಗಳ ನಂತರ, 1875ರಲ್ಲಿ, ಕಲ್ಕತ್ತೆಯ ಕೃಷ್ಣಮೋಹನ ಬ್ಯಾನರ್ಜಿಯವರು ವೇದಗಳ ಪ್ರಜಾಪತಿಯ ಆತ್ಮಬಲಿಯನ್ನು ಕ್ರಿಸ್ತನ ಮುಂಗುರುತೆಂದು ಇಂಗ್ಲಿಷಿನಲ್ಲಿ ವಾದಿಸಿದ ಗ್ರಂಥ ಹೊರಬಂದಿತು. ಭಾರತೀಯ ಕ್ರೈಸ್ತ ಚಿಂತನೆಯ ಚರಿತ್ರೆಯಲ್ಲಿ ಬ್ಯಾನರ್ಜಿಯವರ ಹೆಸರು ಮೊದಲು ಬರುತ್ತದೆ. ಕನ್ನಡದ ಈ ಪ್ರಯತ್ನಕ್ಕೆ ಅಷ್ಟು ಗಮನ ಸಿಕ್ಕಿಲ್ಲ.

ಕನ್ನಡದಲ್ಲಿ ಈ ಓದಿಗೆ ನೆಲ ಹದವಾಗಿಯೇ ಇತ್ತು. ಕನ್ನಡ ಬೈಬಲಿನ ಯಾಜಕಕಾಂಡವು ಬಲಿಗಳ ವಿಧಗಳನ್ನು ಸರ್ವಾಂಗಹೋಮ, ಸಮಾಧಾನಯಜ್ಞ, ದೋಷಪರಿಹಾರಕಯಜ್ಞ, ಪ್ರಾಯಶ್ಚಿತ್ತಯಜ್ಞ ಎಂದು ಕರೆಯುತ್ತದೆ. ಹೀಬ್ರೂವಿನ ಬಲಿಪೀಠ ಕನ್ನಡಕ್ಕೆ ಬರುವಾಗಲೇ ಹೋಮಕುಂಡದ ನೆರಳನ್ನು ಹೊತ್ತು ಬಂದಿತ್ತು. ಆದರೆ ಹೋಲಿಕೆ ಇದ್ದಲ್ಲೆಲ್ಲ ಭೇದವೂ ಇದೆ. ವೈದಿಕ ಯಜ್ಞವು ಜಗತ್ತಿನ ಕ್ರಮವನ್ನು ಉಳಿಸಿಕೊಳ್ಳುವ, ದೇವತೆಗಳಿಗೆ ಹವಿಸ್ಸು ಸಲ್ಲಿಸುವ ಕರ್ಮ. ಯಾಜಕಕಾಂಡದ ಬಲಿಯಲ್ಲಿ ಒಡಂಬಡಿಕೆ ಮುರಿದ ಜನಾಂಗವೊಂದು ತನ್ನ ದೇವರೊಡನೆ ಸಂಬಂಧವನ್ನು ಸರಿಪಡಿಸಿಕೊಳ್ಳುವ ಚಿಂತೆ ಮುಂದಿದೆ. ಒಂದೇ ಪದ ಎರಡಕ್ಕೂ ಸಂದಾಗ ಓದುಗನಿಗೆ ದಾರಿಯೂ ತೆರೆಯುತ್ತದೆ, ದಾರಿ ತಪ್ಪುವುದೂ ಉಂಟು.

ಹಳಗನ್ನಡ ಗ್ರಂಥಗಳ ಸಂಪಾದನೆ

ಯಜ್ಞಸುಧಾನಿಧಿ ಹೊರಬಂದ ವರ್ಷವೇ ಕೇಶಿರಾಜನ ಶಬ್ದಮಣಿದರ್ಪಣವನ್ನು ಕಿಟ್ಟೆಲ್ ಸಂಪಾದಿಸಿ ಪ್ರಕಟಿಸಿದರು. ಹದಿಮೂರನೆಯ ಶತಮಾನದ ಈ ಕೃತಿ ಹಳಗನ್ನಡದ ಅತ್ಯಂತ ಸಮಗ್ರ ವ್ಯಾಕರಣ. 1875ರಲ್ಲಿ ನಾಗವರ್ಮನ ಛಂದೋಂಬುಧಿಯ ಆವೃತ್ತಿ ಬಂದಿತು. ಆ ವೇಳೆಗೆ ಅವರು ಮಡಿಕೇರಿಯಲ್ಲಿದ್ದರು. ಗ್ರಂಥದ ಆರಂಭದಲ್ಲಿ ಕನ್ನಡ ಸಾಹಿತ್ಯದ ಕುರಿತು ಅವರು ಬರೆದ ದೀರ್ಘ ಪ್ರಬಂಧವು ಕನ್ನಡ ಸಾಹಿತ್ಯ ಚರಿತ್ರೆಯನ್ನು ಬರೆಯುವ ಮೊದಲ ಪ್ರಯತ್ನಗಳಲ್ಲಿ ಒಂದು. ಇಂಡಿಯನ್ ಆಂಟಿಕ್ವೆರಿ ಪತ್ರಿಕೆಗೂ ಅವರು ಲೇಖನಗಳನ್ನು ಬರೆದರು. ಸಂಸ್ಕೃತ ನಿಘಂಟುಗಳಲ್ಲಿ ಸೇರಿಹೋಗಿರುವ ದ್ರಾವಿಡ ಪದಗಳನ್ನು ಗುರುತಿಸಿದ ಬರಹ ಅವುಗಳಲ್ಲಿ ಮುಖ್ಯವಾದುದು. ಲಿಂಗಾರಾಧನೆಯ ಉಗಮದ ಕುರಿತ ಅವರ ಜರ್ಮನ್ ಕಿರುಗ್ರಂಥ 1876ರದು.

ಹಸ್ತಪ್ರತಿಗಳನ್ನು ಹೋಲಿಸುವುದು, ಪಾಠಾಂತರಗಳನ್ನು ಗುರುತಿಸುವುದು, ಲಿಪಿಕಾರನ ತಪ್ಪನ್ನು ಕವಿಯ ಪ್ರಯೋಗದಿಂದ ಬೇರ್ಪಡಿಸುವುದು ಬೈಬಲ್ ವಿದ್ವಾಂಸರು ಶತಮಾನಗಳಿಂದ ಬೆಳೆಸಿಕೊಂಡು ಬಂದ ಕಸುಬು. ಆ ಶಿಸ್ತು ಇಲ್ಲಿ ತಾಳೆಗರಿಯ ಕೇಶಿರಾಜನಿಗೆ ಸಂದಿತು.

ನಿಘಂಟು

1877ರಲ್ಲಿ ಕಿಟ್ಟೆಲ್ ಜರ್ಮನಿಗೆ ಮರಳಿದರು. ನಿಘಂಟಿನ ಕೆಲಸ ಅಷ್ಟರಲ್ಲಿ ಆರಂಭವಾಗಿತ್ತು, ಆದರೆ ಅದನ್ನು ಯುರೋಪಿನಲ್ಲಿ ಕುಳಿತು ಮುಗಿಸುವುದು ಸಾಧ್ಯವಿರಲಿಲ್ಲ. 1883ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಅವರು ಮತ್ತೆ ಕರ್ನಾಟಕಕ್ಕೆ ಬಂದು 1892ರವರೆಗೆ ದುಡಿದರು. ನಾಡಿನ ಪಂಡಿತರ ನೆರವು ಅವರಿಗೆ ದೊರೆಯಿತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯವು ಸುಮಾರು 70,000 ಶಬ್ದಗಳ, 1,700ಕ್ಕೂ ಹೆಚ್ಚು ಪುಟಗಳ ನಿಘಂಟನ್ನು ಹೊರತಂದಿತು.

ಈ ನಿಘಂಟು ಪದಕ್ಕೆ ಪದ ಕೊಟ್ಟು ನಿಲ್ಲುವುದಿಲ್ಲ. ಹಳಗನ್ನಡ ಕಾವ್ಯದ ಪ್ರಯೋಗ, ಆಡುಮಾತಿನ ರೂಪ, ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳ ಸಂಬಂಧಿ ಪದಗಳು ಮತ್ತು ಹೇರಳವಾದ ಗಾದೆಗಳನ್ನು ಅದು ಒಟ್ಟುಗೂಡಿಸುತ್ತದೆ. ಪದದ ಅರ್ಥವೆಂದರೆ ಅದು ಬಾಳಿದ ಬಾಳು ಎಂಬ ನಿಲುವು ಪುಟಪುಟದಲ್ಲಿಯೂ ಕಾಣುತ್ತದೆ. ಬೈಬಲ್ ಅನುವಾದಕರಿಗೆ ಇದರಿಂದ ಪ್ರಯೋಜನವಾಯಿತು ನಿಜ. ಆದರೆ ಗ್ರಂಥವು ಅದನ್ನು ಬರೆಸಿದ ಉದ್ದೇಶವನ್ನು ಬಹುಬೇಗ ಮೀರಿತು. ಪಂಪ, ರನ್ನರನ್ನು ಓದುವ ವಿದ್ಯಾರ್ಥಿಗಳು, ಶಾಸನಗಳನ್ನು ಬಿಡಿಸುವವರು, ದ್ರಾವಿಡ ಭಾಷಾವಿಜ್ಞಾನಿಗಳು ಅದನ್ನು ತಮ್ಮದಾಗಿಸಿಕೊಂಡರು. ಮದ್ರಾಸ್ ವಿಶ್ವವಿದ್ಯಾಲಯವು ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಆವೃತ್ತಿಯನ್ನು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಾಲ್ಕು ಸಂಪುಟಗಳಲ್ಲಿ ಹೊರತಂದಿತು.

ಕೊನೆಯ ವರ್ಷಗಳು

ಭಾರತದಿಂದ ಮರಳಿದ ಮೇಲೆ ಕಿಟ್ಟೆಲ್ ಟ್ಯೂಬಿಂಗೆನ್‌ನಲ್ಲಿ ನೆಲೆಸಿದರು. 1896ರಲ್ಲಿ ಅಲ್ಲಿನ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಸುವಾರ್ತೆಗಳ ವಿಮರ್ಶೆಗೆ ಹೆಸರಾಗಿದ್ದ, ಮಿಷನ್ನಿನ ಭಕ್ತರು ಸಂಶಯದಿಂದ ನೋಡುತ್ತಿದ್ದ ಊರೇ ಅವರ ವಿದ್ವತ್ತನ್ನು ಮನ್ನಿಸಿತು. ಕನ್ನಡದ ಹಳೆಯ, ನಡು ಹಾಗೂ ಹೊಸ ರೂಪಗಳನ್ನು ಒಟ್ಟಿಗೆ ವಿವರಿಸುವ ಅವರ ಇಂಗ್ಲಿಷ್ ವ್ಯಾಕರಣ 1903ರಲ್ಲಿ ಮಂಗಳೂರಿನಿಂದ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, 71ನೆಯ ವಯಸ್ಸಿನಲ್ಲಿ, ಅವರು ಟ್ಯೂಬಿಂಗೆನ್‌ನಲ್ಲಿ ನಿಧನರಾದರು.

ವ್ಯಾಖ್ಯಾನ ಕ್ರಮದ ಮಿತಿಗಳು

ಕಿಟ್ಟೆಲ್ ಅವರ ಕ್ರಮದ ಬಗ್ಗೆ ಎರಡು ಆಕ್ಷೇಪಗಳನ್ನು ಎತ್ತಬಹುದು. ಮೊದಲನೆಯದು, ಇನ್ನೊಬ್ಬರ ಪವಿತ್ರ ಗ್ರಂಥವನ್ನು ತನ್ನ ಗ್ರಂಥದ ಮುಂಗುರುತೆಂದು ಓದುವುದರಲ್ಲಿ ಗೌರವದ ಜೊತೆಗೇ ಸ್ವಾಧೀನದ ಬಯಕೆಯೂ ಇದೆ. ಅಂತಹ ಓದಿನಲ್ಲಿ ವೇದಕ್ಕೆ ತನ್ನದೇ ಆದ ಕೊನೆಯ ಮಾತು ಇರುವುದಿಲ್ಲ. ಯೆಹೂದ್ಯ ವಿದ್ವಾಂಸರು ಹಳೆಯ ಒಡಂಬಡಿಕೆಯ ಕ್ರೈಸ್ತ ಓದಿನ ಬಗ್ಗೆ ಎತ್ತುತ್ತ ಬಂದ ದೂರು ಇಲ್ಲಿಯೂ ಸಲ್ಲುತ್ತದೆ. ಕಿಟ್ಟೆಲ್ ಮಿಷನರಿಯಾಗಿಯೇ ಬರೆದರು. ಮತಾಂತರದ ಉದ್ದೇಶವನ್ನು ಮರೆಮಾಚಲಿಲ್ಲ. ಅವರ ಕನ್ನಡಪ್ರೀತಿಯನ್ನು ಮೆಚ್ಚುವ ಬರಹಗಳು ಈ ಅಂಶವನ್ನು ಹಗುರವಾಗಿ ದಾಟಿಬಿಡುವುದುಂಟು.

ಎರಡನೆಯದು ಇನ್ನೂ ಗಂಭೀರವಾದುದು. ಯಜ್ಞದ ಭಾಷೆ ಯಾರ ಭಾಷೆ? ಕರಾವಳಿಯಲ್ಲಿ ಬಾಸೆಲ್ ಮಿಷನ್ ಸಭೆಗಳನ್ನು ಸೇರಿದವರಲ್ಲಿ ಹೆಚ್ಚಿನವರು ಬಿಲ್ಲವರು. ಅವರ ಧಾರ್ಮಿಕ ಲೋಕ ಭೂತಾರಾಧನೆಯದು, ಹೋಮಕುಂಡದ್ದಲ್ಲ. ಪಂಡಿತರೊಡನೆ ವಾದಿಸಲು ಕಟ್ಟಿದ ವ್ಯಾಖ್ಯಾನವು ಸಭೆಯ ಹಲಗೆಯ ಮೇಲೆ ನಿಜವಾಗಿ ಕುಳಿತಿದ್ದ ಕೇಳುಗನನ್ನು ಬದಿಗಿಟ್ಟಿತು ಎನ್ನಬಹುದು. ಕಾಲ್ನಡಿಗೆಯಲ್ಲಿ ಹಳ್ಳಿ ಸುತ್ತಿದ ತರುಣ ಕಿಟ್ಟೆಲ್ ಮತ್ತು ವೈದಿಕ ಯಜ್ಞದ ಜಾಡು ಹಿಡಿದ ಪ್ರೌಢ ಕಿಟ್ಟೆಲ್ ಇಬ್ಬರ ನಡುವಿನ ಅಂತರ ಇಲ್ಲಿ ಎದ್ದು ಕಾಣುತ್ತದೆ. ಗಾದೆಗಳನ್ನೂ ಆಡುಮಾತನ್ನೂ ಕಾವ್ಯಪ್ರಯೋಗದ ಪಕ್ಕದಲ್ಲಿಯೇ ಕೂರಿಸಿದ ನಿಘಂಟು ಆ ಅಂತರವನ್ನು ಸ್ವಲ್ಪಮಟ್ಟಿಗೆ ತುಂಬಿತು.

ಈ ಎರಡು ಪ್ರಶ್ನೆಗಳೂ ಇಪ್ಪತ್ತನೆಯ ಶತಮಾನದ ಬೆಂಗಳೂರಿನಲ್ಲಿ ಮತ್ತೆ ಎದ್ದುಬಂದವು. ದಂಡು ಪ್ರದೇಶದ ಬೆನ್ಸನ್ ಟೌನ್‌ನ ಮಿಲ್ಲರ್ಸ್ ರಸ್ತೆಯಲ್ಲಿರುವ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು 1910ರಲ್ಲಿ ಆರಂಭವಾದದ್ದು. ಅಲ್ಲಿ ಹಲವು ವರ್ಷ ಬೋಧಿಸಿದ ಪಿ. ಡಿ. ದೇವನಂದನ್ 1957ರಲ್ಲಿ ಧರ್ಮ ಮತ್ತು ಸಮಾಜದ ಅಧ್ಯಯನಕ್ಕಾಗಿ ಬೆಂಗಳೂರಿನಲ್ಲಿ ಕ್ರೈಸ್ತ ಸಂಸ್ಥೆಯೊಂದರ ಸ್ಥಾಪಕ ನಿರ್ದೇಶಕರಾದರು. ಹಿಂದೂ ಚಿಂತನೆಯನ್ನು ಕ್ರೈಸ್ತಮತದ ಪೂರ್ವಸಿದ್ಧತೆಯೆಂದು ನೋಡದೆ ಸಂವಾದದ ಎದುರುಪಕ್ಷವೆಂದು ಗೌರವಿಸಬೇಕೆಂಬುದು ಅವರ ನಿಲುವು. ಕಾರ್ಕಳದಲ್ಲಿ ಹುಟ್ಟಿ ಬಾಸೆಲ್ ಮಿಷನ್ ಪರಂಪರೆಯಲ್ಲಿ ಬೆಳೆದ ಸ್ಟ್ಯಾನ್ಲಿ ಸಮರ್ಥ ಅವರು 1987ರಲ್ಲಿ ಬೆಂಗಳೂರಿನಿಂದ ಪ್ರಕಟವಾದ ಕೃತಿಯೊಂದರಲ್ಲಿ, ಹಲವು ಪವಿತ್ರ ಗ್ರಂಥಗಳ ನಡುವೆ ಬದುಕುವ ಏಷ್ಯಾದ ಕ್ರೈಸ್ತರಿಗೆ ಬೈಬಲ್ ವ್ಯಾಖ್ಯಾನದ ಹೊಸ ಕ್ರಮ ಬೇಕೆಂದು ವಾದಿಸಿದರು. ಎರಡನೆಯ ಪ್ರಶ್ನೆಯನ್ನು ಎತ್ತಿದವರು ಅರವಿಂದ ನಿರ್ಮಲ್. 1981ರಲ್ಲಿ ಅದೇ ಕಾಲೇಜಿನಲ್ಲಿ ನೀಡಿದ ಉಪನ್ಯಾಸದಲ್ಲಿ ಅವರು ಭಾರತೀಯ ಕ್ರೈಸ್ತ ಚಿಂತನೆ ಬ್ರಾಹ್ಮಣ ಪರಂಪರೆಗೆ ಜೋತುಬಿದ್ದಿರುವುದನ್ನು ಪ್ರಶ್ನಿಸಿದರು. ಯಜ್ಞದ ಬದಲು ಅವರು ನಂತರ ಆಧಾರವಾಗಿ ಹಿಡಿದದ್ದು ಧರ್ಮೋಪದೇಶಕಾಂಡದ 26ನೆಯ ಅಧ್ಯಾಯ, ದಾಸ್ಯದಲ್ಲಿದ್ದ ಜನ ತಮ್ಮ ಹಿಂದಿನದನ್ನು ನೆನೆಯುವ ಭಾಗ. ದಲಿತ ದೈವಶಾಸ್ತ್ರದ ಆರಂಭವನ್ನು ಸಾಮಾನ್ಯವಾಗಿ ಆ ಉಪನ್ಯಾಸದಿಂದ ಗುರುತಿಸಲಾಗುತ್ತದೆ.

ಸ್ಮರಣೆ

ಧಾರವಾಡದಲ್ಲಿ ಬಾಸೆಲ್ ಮಿಷನ್ನಿನ ಶಿಕ್ಷಣ ಪರಂಪರೆಗೆ ಸೇರಿದ ಕಾಲೇಜು ಕಿಟ್ಟೆಲ್ ಅವರ ಹೆಸರನ್ನು ಹೊತ್ತಿದೆ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಮಿಷನ್ ಕಾಲದ ದಾಖಲೆಗಳನ್ನು ಕಾಪಾಡಿಕೊಂಡು ಬಂದಿದೆ. ಅವರ ಬದುಕಿನ ಕುರಿತು ರೈನ್‌ಹಾರ್ಡ್ ವೆಂಟ್ ಅವರ ಸಂಪಾದಕತ್ವದಲ್ಲಿ 2006ರಲ್ಲಿ ಬಂದ ಪ್ರಬಂಧ ಸಂಪುಟವು ಶೀರ್ಷಿಕೆಯಲ್ಲಿಯೇ ಅವರ ಆರಂಭದ ಸೋಲನ್ನೂ ಮರಣೋತ್ತರ ಗೆಲುವನ್ನೂ ಜೊತೆಗಿಟ್ಟು ನೋಡುತ್ತದೆ.

ಕಿಟ್ಟೆಲ್ ಅವರ ಕಾರ್ಯಕ್ಷೇತ್ರ ಮಂಗಳೂರು, ಧಾರವಾಡ, ಮಡಿಕೇರಿಗಳಾದರೂ ಅವರ ಸಾರ್ವಜನಿಕ ಸ್ಮಾರಕ ಇರುವುದು ಬೆಂಗಳೂರಿನಲ್ಲಿ. ಹಿಂದೆ ಸೌತ್ ಪರೇಡ್ ಎಂದು ಕರೆಯಲಾಗುತ್ತಿದ್ದ ಮಹಾತ್ಮ ಗಾಂಧಿ ರಸ್ತೆಯು ದಂಡಿನ ಇಂಗ್ಲಿಷ್ ಬದುಕಿನ ನಡುಬೀದಿಯಾಗಿತ್ತು. ತಮಿಳು, ಉರ್ದು, ಇಂಗ್ಲಿಷ್ ಮಾತುಗಳೇ ಹೆಚ್ಚಾಗಿ ಕೇಳಿಬರುತ್ತಿದ್ದ ಆ ಭಾಗದಲ್ಲಿ ಕನ್ನಡದ ಗುರುತಾಗಿ ನಿಲ್ಲಿಸಲಾಗಿರುವುದು ಒಬ್ಬ ಜರ್ಮನ್ ಪಾದ್ರಿಯ ಪ್ರತಿಮೆ. ಕನ್ನಡ ಸತ್ಯವೇದವನ್ನು ಪ್ರಕಟಿಸುವ ಭಾರತೀಯ ಬೈಬಲ್ ಸೊಸೈಟಿಯ ಕೇಂದ್ರ ಕಚೇರಿಯೂ ಅದೇ ರಸ್ತೆಯಲ್ಲಿದೆ.